ಇನ್ಶಿರಾ ಮತ್ತು ಸಮನ್ನೂದಿನ ಮದುವೆ ಕ್ಯಾಸೆಟ್

ನಮ್ಮ ಓಣಿಗೆ ಮೊದಲು ವಿಡಿಯೋ ಮೆಷಿನ್ ಬಂದದ್ದು ಇನ್ಶಿರಾಳ ಮನೆಗೆ, ಎಂಬತ್ತಾರನೆಯ ಇಸವಿಯಲ್ಲಿ. ಅವಳ ಗಂಡ ಹಸನೇನ್ ಕುವೈತಿನಲ್ಲಿ ಗಾರೆ ಕೆಲಸಕ್ಕಿದ್ದ. ರಜೆಗೆ ಬರುವಾಗ ಅದನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸು, ಹಡಗು, ಮತ್ತೆ ಬಸ್ಸು ಅಂತ ನಾಲ್ಕು ದಿನ ತೊಡೆ ಮೇಲೆ ಇಟ್ಟುಕೊಂಡೇ ಕೈರೋದ ಉತ್ತರಕ್ಕಿರುವ ನಮ್ಮೂರು ಮಹಲ್ಲಾಕ್ಕೆ ತಂದ. ತಿಂಗಳೊಪ್ಪತ್ತು ಇದ್ದು ವಾಪಸು ಹೋದ. ಆ ವಿಡಿಯೋ ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಅದು ಈಗ ಇದೆಯೋ ಮುಳುಗಿದೆಯೋ, ಇದ್ದರೂ ನನ್ನ ಬಾಯಿಂದ ಅದಕ್ಕೆ ಪ್ರಚಾರ ಬೇಡ.

ಮನಸ್ಸು ಬಂದರೆ ಓಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ಚಿತ್ರ ಬಂದ ದಿನ ದನಿ ಬರುತ್ತಿರಲಿಲ್ಲ. ದನಿ ಬಂದ ದಿನ ಪರದೆ ತುಂಬ ಹಿಟ್ಟು ಎರಚಿದ ಹಾಗೆ ಚುಕ್ಕೆ. ಬಲಗಡೆ ಮೂಲೆಗೆ ಮಡಿಸಿದ ರಟ್ಟು ಕೊಟ್ಟರೆ ಅರ್ಧ ಗಂಟೆ ಸರಿಯಾಗಿರುತ್ತಿತ್ತು. ಯಾರಾದರೂ ಜೋರಾಗಿ ನಡೆದರೆ ಮುಗಿಯಿತು, ಕ್ಯಾಸೆಟ್ಟನ್ನು ಹೊರಗೆ ಉಗುಳಿಬಿಡುತ್ತಿತ್ತು. ಓಣಿಯವರೆಲ್ಲ ಅದಕ್ಕೆ ಪಾಶಾ, ಅಂದರೆ ದೊಡ್ಡ ಸಾಹೇಬ, ಅಂತ ಹೆಸರಿಟ್ಟಿದ್ದೆವು. "ಪಾಶಾ ಇವತ್ತು ದರ್ಶನ ಕೊಡ್ತಾರೋ?" ಅಂತ ಕೇಳಿಕೊಂಡೇ ಅವಳ ಮನೆ ಮೆಟ್ಟಿಲು ಹತ್ತುವುದು.

ಆದರೂ ನಮಗೆ ಅದು ಬೇಕಿತ್ತು. ನಮ್ಮ ಓಣಿಯ ಎಂಟು ಮನೆ ಗಂಡಸರು ಕುವೈತಿನಲ್ಲಿದ್ದರು, ನನ್ನ ಗಂಡನೂ ಸೇರಿ. ಅಲ್ಲಿ ನಮ್ಮೂರಿನವನೇ ಒಬ್ಬ ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದ. ಶುಕ್ರವಾರ ಬಿಡುವಿದ್ದಾಗ ಇವರನ್ನೆಲ್ಲ ಒಂದು ಗೋಡೆಯ ಮುಂದೆ ಕೂರಿಸಿ, ಒಬ್ಬೊಬ್ಬರಿಂದ ಮನೆಯವರಿಗೆ ನಾಲ್ಕು ಮಾತು ಆಡಿಸಿ, ಊರಿಗೆ ಬರುವವರ ಕೈಯಲ್ಲಿ ಆ ಕ್ಯಾಸೆಟ್ ಕಳಿಸುತ್ತಿದ್ದ. ಕಾಗದ ಓದಿಸಿಕೊಳ್ಳುವುದಕ್ಕೂ ಗಂಡನ ಮುಖ ನೋಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅನುಭವಿಸಿದವರಿಗೆ ಗೊತ್ತು. ನನ್ನವನು ಮೊದಲ ಸಲ ಪರದೆಯಲ್ಲಿ ಬಂದಾಗ ಅವನ ಅಂಗಿಯ ಎರಡನೇ ಗುಂಡಿ ಇರಲಿಲ್ಲ. ನಾನು ಊರವರ ಬಟ್ಟೆ ಹೊಲಿಯುವವಳು, ದರ್ಜಿಯ ಗಂಡ ಗುಂಡಿ ಇಲ್ಲದ ಅಂಗಿ ಹಾಕಿಕೊಂಡಿದ್ದಾನಲ್ಲ ಅಂತ ನಾನು ಒಂದು ವಾರ ಕೊರಗಿದೆ.

ಇನ್ಶಿರಾಗೆ ಆಗ ಮೂವತ್ತೆಂಟು. ಹದಿನೈದನೇ ವಯಸ್ಸಿಗೆ ಹತ್ತಿ ಗಿರಣಿಗೆ ಸೇರಿದವಳು, ನೂಲು ಸುತ್ತುವ ವಿಭಾಗ. ಎತ್ತರ ಇರಲಿಲ್ಲ, ಆದರೆ ಕೈ ಮಾತ್ರ ದೊಡ್ಡವು. ಬೆರಳ ತುದಿಗಳು ನುಣ್ಣಗೆ ಸವೆದು, ಗೀರುಗಳೆಲ್ಲ ಅಳಿಸಿಹೋಗಿದ್ದವು. ಎಳೆ ಹರಿದರೆ ಬೇರೆ ಕಡೆ ನೋಡುತ್ತಲೇ ಗಂಟು ಹಾಕುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಇಪ್ಪತ್ತಮೂರು ವರ್ಷ ಕಳೆದದ್ದಕ್ಕೆ ಮನೆಯಲ್ಲೂ ಕೂಗಿಯೇ ಮಾತಾಡುವಳು. ಅಲ್ಲಿನ ಹೆಂಗಸರೆಲ್ಲರ ಹಾಗೆ ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುವಳು. ಅವಳೆದುರು ಬಾಯಿಗೆ ಸೆರಗು ಅಡ್ಡ ಹಿಡಿಯದೆ ಚಾಡಿ ಹೇಳುವ ಹಾಗಿರಲಿಲ್ಲ.

ಮಾರನೇ ವರ್ಷದ ಚಳಿಗಾಲದಲ್ಲಿ ಒಂದು ಕ್ಯಾಸೆಟ್ ಬಂತು. ಅದರಲ್ಲಿ ಐದು ಜನ ಮಾತಾಡಿದ್ದರು, ಕೊನೆಯವನು ತಫೀದಾ ಅಜ್ಜಿಯ ಮಗ ರಗಬ್. ಅವನಿದ್ದದ್ದು ಮರುಭೂಮಿಯ ಒಳಗೆಲ್ಲೋ ನೀರೆತ್ತುವ ಪಂಪಿನ ಹತ್ತಿರ. ಆದ್ದರಿಂದ ಹಿಂದಿನ ಯಾವ ಕ್ಯಾಸೆಟ್ಟಿನಲ್ಲೂ ಅವನು ಇರಲಿಲ್ಲ. ಅಜ್ಜಿ ಮಗನ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಅವಳನ್ನು ಎಲ್ಲರಿಗಿಂತ ಮುಂದೆ ಕೂರಿಸಿದೆವು. ನಾಲ್ಕು ಜನರ ಮಾತು ಸರಾಗವಾಗಿ ಮುಗಿಯಿತು. ರಗಬ್ ಬಂದ. ನೀಲಿ ಅಂಗಿ, ಎರಡು ಕೈಯೂ ತೊಡೆಯ ಕೆಳಗೆ. "ಅಮ್ಮಾ," ಅಂದ. ಅಷ್ಟರಲ್ಲಿ ಚಿತ್ರ ಓರೆಯಾಯಿತು, ಒಳಗಿನಿಂದ ಕರಕರ ಅಂತ ಸದ್ದು ಬಂತು, ಪರದೆ ಕಪ್ಪಾಯಿತು. ಕ್ಯಾಸೆಟ್ ಹೊರಗೂ ಬರಲಿಲ್ಲ.

"ಎಲ್ಲೋದ?" ಅಂದಳು ಅಜ್ಜಿ.

"ಇಲ್ಲೇ ಇದಾನೆ ಖಾಲಾ, ಒಳಗೆ ಸಿಕ್ಕಾಕ್ಕೊಂಡಿದಾನೆ. ತೆಗೆಸ್ತೀನಿ," ಅಂದಳು ಇನ್ಶಿರಾ. ಖಾಲಾ ಅಂದರೆ ದೊಡ್ಡಮ್ಮ. ಆ ಮಾತು ಕೊಟ್ಟಾಗ ಅದು ಎಷ್ಟು ಭಾರದ್ದು ಅಂತ ನಮಗೆ ಯಾರಿಗೂ ಅಂದಾಜಿರಲಿಲ್ಲ.

ಕಂಪನಿಯ ಸರ್ವಿಸ್ ಸೆಂಟರ್ ಇದ್ದದ್ದು ತಾಂತಾ ಊರಿನಲ್ಲಿ. ಎರಡು ವರ್ಷದ ಗ್ಯಾರಂಟಿ ಕಾರ್ಡು ಇತ್ತು. ಗಿರಣಿಯಲ್ಲಿ ಅವಳಿಗೆ ಮಧ್ಯಾಹ್ನ ಮೂರೂವರೆಯ ಪಾಳಿ ಬಂದ ವಾರ ಬೆಳಿಗ್ಗೆ ರೈಲು ಹತ್ತಿ ಹೋಗುವಳು. ಮೊದಲ ದಿನ ಮೆಷಿನ್ ಇಟ್ಟುಕೊಂಡು ಚೀಟಿ ಕೊಟ್ಟರು. ಆಮೇಲೆ ಶುರುವಾಯಿತು ಓಡಾಟ. ಅಲ್ಲಿನ ಗುಮಾಸ್ತ ಲುತ್ಫಿ ಅಂತ, ಐವತ್ತರ ಆಸುಪಾಸು, ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ, ಮುಂದೆ ಯಾವಾಗಲೂ ಒಂದು ಲೋಟ ಚಹಾ. ಒಂದು ಸಲ ಹೋದರೆ ಬಿಡಿಭಾಗ ಕೈರೋದಿಂದ ಬರಬೇಕು ಅಂದ. ಇನ್ನೊಂದು ಸಲ, ಕಾರ್ಡಿನ ಮೇಲೆ ಕುವೈತಿನ ಅಂಗಡಿಯ ಮೊಹರು ಮಸುಕಾಗಿದೆ, ಹೊಸದಾಗಿ ಹಾಕಿಸಿಕೊಂಡು ಬನ್ನಿ ಅಂದ. ಮೊಹರಿಗಾಗಿ ಕಾರ್ಡು ಕುವೈತಿಗೆ ಹೋಗಿ ಬರಲು ಎರಡು ತಿಂಗಳು ಹಿಡಿಯಿತು. ಬಂದ ಮೇಲೆ, ಮೊಹರು ಸರಿ ಇದೆ, ಆದರೆ ಇದು ಕಾರ್ಡಿನ ಮೇಲಿನ ಭಾಗ, ಕೆಳಗಿನದು ಎಲ್ಲಿ ಅಂತ ಕೇಳಿದ. ಕೆಳಗಿನ ಭಾಗವನ್ನು ಅವನೇ ಮೊದಲ ದಿನ ಹರಿದು ಇಟ್ಟುಕೊಂಡಿದ್ದ. ಫೋನ್ ಮಾಡಿದರೆ ಎತ್ತುವವರೇ ಇಲ್ಲ. ಒಂದು ದಿನ ಅವಳು ಅಲ್ಲಿ ನಿಂತಿರುವಾಗಲೇ ಆ ಫೋನು ಹೊಡೆದುಕೊಂಡಿತಂತೆ. ಲುತ್ಫಿ ಅದರ ಮೇಲೆ ಒಂದು ಫೈಲು ಮುಚ್ಚಿ ಚಹಾ ಕುಡಿದನಂತೆ.

"ನೋಡಿ ಹಾಜ್ಜಾ, ಸಹನೆ ಬೇಕು," ಅಂತ ಅವನ ಉಪದೇಶ ಬೇರೆ.

"ನಾನಿನ್ನೂ ಹಜ್‌ಗೆ ಹೋಗಿಲ್ಲ ಉಸ್ತಾಜ್. ಅಲ್ಲಿಗೆ ಹೋಗಿಬರೋ ಅಷ್ಟು ದಾರೀನ ನಿಮ್ಮ ಅಂಗಡಿಗೇ ಸವೆಸಿದೀನಿ. ಮೆಷಿನ್ ಬೇಡ, ಒಳಗಿರೋ ಕ್ಯಾಸೆಟ್ ತೆಗೆದು ಕೊಡಿ ಸಾಕು."

"ಚೀಟಿಯಲ್ಲಿ ಕ್ಯಾಸೆಟ್ ಅಂತ ಬರೆದಿಲ್ಲವಲ್ಲ. ಬರೆಯದೇ ಇರೋದನ್ನ ಹೇಗೆ ಕೊಡಲಿ?"

ಅವಳು ಜಗಳ ಆಡಲಿಲ್ಲ, ಉಸ್ತಾಜ್ ಅಂತ ಮರ್ಯಾದೆ ಕೊಟ್ಟೇ ಮಾತಾಡುತ್ತಿದ್ದಳು. ಇದನ್ನೆಲ್ಲ ನಮ್ಮ ಮುಂದೆ ಹೇಳುವಾಗಲೂ ಅವನ ಧ್ವನಿ ಅನುಕರಿಸಿ ನಗಿಸುತ್ತಿದ್ದಳು. ಮತ್ತೆ ಆ ಪಾಳಿ ಬಂದಾಗ ಬುತ್ತಿ ಕಟ್ಟಿಕೊಂಡು ಹೊರಡುವಳು. ನಾನಾಗಿದ್ದರೆ ಮೂರನೇ ಸಲಕ್ಕೇ ಆ ಚಹಾ ಲೋಟ ಅವನ ಅಂಗಿಯ ಮೇಲೆ ಇರುತ್ತಿತ್ತು. ತಫೀದಾ ಅಜ್ಜಿ ದಿನಾ ಸಂಜೆ ಬಾಗಿಲಲ್ಲಿ ಕೂತಿರುವಳು. ಕೇಳುತ್ತಿರಲಿಲ್ಲ, ಬರೀ ಇವಳ ಕೈ ನೋಡುವಳು. ಖಾಲಿ ಕೈ.

ಒಂಬತ್ತನೇ ಸಲ, ಆರನೇ ತಿಂಗಳಿನಲ್ಲಿ, ಲುತ್ಫಿ ಮುಗುಳ್ನಕ್ಕು ಕಾಗದ ಸುತ್ತಿ ದಾರ ಕಟ್ಟಿದ ಮೆಷಿನ್ ತಂದು ಮುಂದಿಟ್ಟ. "ರಿಪೇರಿಯಾಗಿದೆ. ಕ್ಯಾಸೆಟ್ ಒಳಗೇ ಇದೆ. ಇಲ್ಲಿ ಸಹಿ ಹಾಕಿ." ಹಾಕಿದಳು.

ಮನೆಗೆ ತಂದು ಕಾಗದ ಬಿಚ್ಚಿದೆವು. ಗುಂಡಿ ಒತ್ತಿದ ಕೂಡಲೇ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಕ್ಯಾಸೆಟ್ ಹೊರಗೆ ಬಂತು. ಮತ್ತೆ ಹಾಕಿದರೆ ಒಂದೇ ಒಂದು ಚುಕ್ಕೆ ಇಲ್ಲದ ಚಿತ್ರ, ಗಂಟೆ ಬಾರಿಸಿದ ಹಾಗೆ ದನಿ. ಆದರೆ ಪರದೆಯಲ್ಲಿ ಕಂಡದ್ದು ರಗಬ್ ಅಲ್ಲ. ಒಂದು ಇಗರ್ಜಿ, ಬಿಳಿ ಉಡುಪಿನ ಮದುಮಗಳು, ಗಡ್ಡದ ಪಾದ್ರಿ, ಸಾಲು ಸಾಲು ಮೇಣದಬತ್ತಿ. ಯಾರೋ ಕ್ರಿಶ್ಚಿಯನ್ನರ ಮದುವೆ. ಇನ್ಶಿರಾ ಮೆಷಿನ್ನಿನ ಹಿಂಭಾಗಕ್ಕೆ ಕೈಯಾಡಿಸಿದಳು. ಅವಳದಕ್ಕೆ ಅಲ್ಲಿ ಇಸ್ತ್ರಿ ಪೆಟ್ಟಿಗೆ ತಾಗಿ ಸುಟ್ಟ ಕಲೆ ಇತ್ತು. ಇದಕ್ಕೆ ಇರಲಿಲ್ಲ.

"ಬೇರೆಯವರದ್ದು," ಅಂದಳು.

ಓಣಿಯ ಹೆಂಗಸರೆಲ್ಲ ಒಟ್ಟಿಗೆ ಬಾಯಿ ಹಾಕಿದರು. ಅದರಲ್ಲಿ ನಾನೂ ಇದ್ದೆ ಅಂತ ಒಪ್ಪಿಕೊಳ್ಳಬೇಕು. "ಇಟ್ಕೊಳ್ಳೇ ಇನ್ಶಿರಾ. ಆರು ತಿಂಗಳು ಸತಾಯಿಸಿದ್ದಕ್ಕೆ ದೇವರೇ ಒಳ್ಳೇದನ್ನ ಕೊಟ್ಟಿದಾನೆ."

"ದೇವರು ಕೊಡೋದಾದ್ರೆ ಲುತ್ಫಿ ಕೈಲಿ ಕೊಡಿಸಲ್ಲ ನಾದಿರಾ," ಅಂದಳು ನನಗೆ. "ಈ ಮದುವೆ ಹುಡುಗಿಯ ತಾಯಿ ಎಲ್ಲೋ ಕೂತು ನನ್ನ ಹಾಗೇ ಬೈಕೋತಿರ್ತಾಳೆ. ಅಲ್ಲದೆ ರಗಬ್ ನನ್ನ ಮೆಷಿನ್ನಲ್ಲಿದಾನೆ."

ಮಾರನೇ ದಿನ ಮತ್ತೆ ತಾಂತಾ. ಲುತ್ಫಿ ರಿಜಿಸ್ಟರು ತೆರೆಯಲೂ ಇಲ್ಲ. "ನೀವು ಸಹಿ ಹಾಕಿದೀರಿ. ಫೈಲು ಮುಚ್ಚಿದೆ. ಮುಚ್ಚಿದ ಫೈಲು ತೆಗೆಯೋ ಅಧಿಕಾರ ಕೈರೋದವರಿಗೆ."

"ಇದು ಯಾರದ್ದು ಅಂತಾದ್ರೂ ಹೇಳಿ. ನಾನೇ ಹೋಗಿ ಬದಲಾಯಿಸ್ಕೋತೀನಿ."

"ಗ್ರಾಹಕರ ವಿಳಾಸ ಗುಟ್ಟಿನ ವಿಷಯ."

ಅವಳು ಆ ಮೆಷಿನ್ ಹೊತ್ತುಕೊಂಡು ವಾಪಸು ಬಂದಳು. ಆ ಸಂಜೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಹುಡುಗೀನ ನೋಡ್ಬೇಡ. ಗೋಡೆ ನೋಡು, ಬೋರ್ಡು ನೋಡು," ಅಂದಳು. ನಾವು ಆ ಮದುವೆಯನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ನೋಡಿದೆವು. ನನ್ನ ಕಣ್ಣು ಎಷ್ಟು ಬೇಡವೆಂದರೂ ಮದುಮಗಳ ತೋಳಿನ ಹೊಲಿಗೆಯ ಮೇಲೇ ಹೋಗುತ್ತಿತ್ತು. ಮೂರನೇ ಸಲ, ಮದುಮಗಳು ಕಾರಿನಿಂದ ಇಳಿಯುವಾಗ, ಇನ್ಶಿರಾ ಚಿತ್ರ ನಿಲ್ಲಿಸಿದಳು. ಕಾರಿನ ಹಿಂದೆ ಒಂದು ಔಷಧದಂಗಡಿಯ ಹಸಿರು ಬೋರ್ಡು. ಅರ್ಧ ಹೆಸರು ಯಾರದೋ ತಲೆಯ ಹಿಂದೆ ಮುಚ್ಚಿತ್ತು. ಉಳಿದರ್ಧ ಓದಬಹುದಿತ್ತು: ಸಮನ್ನೂದ್. ಆ ಊರು ಮಹಲ್ಲಾದಿಂದ ವ್ಯಾನಿನಲ್ಲಿ ಕಾಲು ಗಂಟೆಯ ದಾರಿ.

ಶುಕ್ರವಾರ ಗಿರಣಿಗೆ ರಜೆ. ಮೆಷಿನ್ನನ್ನು ಬಟ್ಟೆ ಒಗೆಯುವ ಬೋಗುಣಿಯಲ್ಲಿಟ್ಟು, ಮೇಲೆ ಕಂಬಳಿ ಮುಚ್ಚಿ, ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ಹೊರಟೆವು. ಆ ಔಷಧದಂಗಡಿಯ ಎದುರಿನ ಇಗರ್ಜಿಯಲ್ಲಿ ಆಗತಾನೆ ಶುಕ್ರವಾರದ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು. ಇನ್ಶಿರಾ ಕಾವಲಿನ ಮುದುಕನನ್ನು ಹಿಡಿದಳು.

"ಚಿಕ್ಕಪ್ಪ, ಹೋದ ವರ್ಷ ಇಲ್ಲೊಂದು ಮದುವೆ ಆಗಿತ್ತು. ಹುಡುಗಿ ತೆಳ್ಳಗೆ, ಉದ್ದ. ತಾಯಿಗಿಂತ ಅಪ್ಪನೇ ಜಾಸ್ತಿ ಅತ್ತಿದ್ರು."

ಮುದುಕ ನಕ್ಕುಬಿಟ್ಟ. "ಬಿಶಾರಾ! ಇಡೀ ಊರಿಗೇ ಗೊತ್ತು. ಮೂರನೇ ಓಣಿ, ನೀಲಿ ಬಾಗಿಲು."

ನೀಲಿ ಬಾಗಿಲು ತೆಗೆದವರು ಅರವತ್ತರ ಹತ್ತಿರದ ಹೆಂಗಸು, ಅಫೀಫಾ. ತಲೆಗೆ ವಸ್ತ್ರ ಸುತ್ತಿದ ಇಬ್ಬರು ಅಪರಿಚಿತ ಹೆಂಗಸರು, ನಡುವೆ ಬೋಗುಣಿ. ಏನೋ ಮಾರಲು ಬಂದಿದ್ದೇವೆ ಅಂದುಕೊಂಡು, "ನಮಗೇನೂ ಬೇಡಮ್ಮ," ಅಂದರು.

"ನಿಮ್ಮ ಮಗಳ ಮದುವೆ ನಮ್ಮನೇಲಿದೆ. ಕೊಡೋಣ ಅಂತ ಬಂದ್ವಿ," ಅಂದಳು ಇನ್ಶಿರಾ, ಗಿರಣಿಯ ದನಿಯಲ್ಲಿ.

ಒಳಗಿನಿಂದ ಬಿಶಾರಾ ಓಡಿಬಂದರು. ರೈಲ್ವೇಯಲ್ಲಿ ಸಿಗ್ನಲ್ ಮನೆಯ ಕೆಲಸ ಮಾಡಿ ನಿವೃತ್ತರಾದವರು. ಕಂಬಳಿ ಸರಿಸಿ ನೋಡಿ, ಹೆಂಡತಿಯ ಮುಖ ನೋಡಿ, ಮತ್ತೆ ಮೆಷಿನ್ ನೋಡಿದರು. ಅವರ ಮಗಳು ಮಾರ್ಸೆಲ್ ಮದುವೆಯಾದ ತಿಂಗಳಿಗೇ ಗಂಡನ ಜೊತೆ ಆಸ್ಟ್ರೇಲಿಯಾಕ್ಕೆ ಹೋಗಿದ್ದಳು. ಮುಂಭಾಗದ ಗಡಿಯಾರ ನಿಂತಿದೆ ಅನ್ನುವ ಸಣ್ಣ ತೊಂದರೆಗೆಂದು ಇವರು ಮೆಷಿನ್ನನ್ನು ತಾಂತಾಕ್ಕೆ ಕೊಟ್ಟಾಗ ಮದುವೆ ಕ್ಯಾಸೆಟ್ ಒಳಗೇ ಉಳಿದುಹೋಗಿತ್ತು. ಏಳು ತಿಂಗಳಾದ ಮೇಲೆ ಹದಿನೈದು ದಿನದ ಹಿಂದೆ ಲುತ್ಫಿ ಒಂದು ಮೆಷಿನ್ ಕೊಟ್ಟಿದ್ದ. ಅದು ಯಾವ ಕ್ಯಾಸೆಟ್ಟನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಿಶಾರಾ ಮೂರು ಸಲ ತಾಂತಾಕ್ಕೆ ಹೋಗಿ ಬಂದಿದ್ದರು. "ನೀವು ಬಳಸೋ ರೀತಿ ಸರಿ ಇಲ್ಲ ಅಂದ. ನಲವತ್ತು ವರ್ಷ ರೈಲು ದಾಟಿಸಿದೀನಿ, ನನಗೆ ಒಂದು ಗುಂಡಿ ಒತ್ತೋಕೆ ಬರಲ್ವಂತೆ."

ಅವರ ಮೇಜಿನ ಮೇಲೆ ನಮ್ಮ ಪಾಶಾ ಕೂತಿತ್ತು. ಹಿಂದೆ ಸುಟ್ಟ ಕಲೆ.

"ಒಂದು ಸ್ಕ್ರೂಡ್ರೈವರ್ ಇದ್ಯಾ ಚಿಕ್ಕಪ್ಪ?" ಅಂದಳು ಇನ್ಶಿರಾ.

ಅಫೀಫಾ ಗಾಬರಿಯಾದರು. "ಬೇಡಮ್ಮ, ಸೀಲ್ ಒಡೆದ್ರೆ ಗ್ಯಾರಂಟಿ ಹೋಗುತ್ತಂತೆ."

"ಹೋಗೋಕೆ ಮೊದಲು ಅದು ಬಂದಿರಬೇಕಲ್ಲ ತಾಯಿ."

ಬಿಶಾರಾ ನಗುತ್ತ ಸಿಗ್ನಲ್ ಮನೆಯ ಕಾಲದ ಉಪಕರಣದ ಚೀಲ ತಂದರು. ತಿರುಪು ಬಿಚ್ಚುವ ಮೊದಲು ಇನ್ಶಿರಾ ಅದರ ಮೇಲಿನ ಕಾಗದದ ಸೀಲನ್ನು ಎಲ್ಲರಿಗೂ ತೋರಿಸಿದಳು. ಒಂದು ಮೂಲೆಯೂ ಎದ್ದಿರಲಿಲ್ಲ. ಆರು ತಿಂಗಳಿನಲ್ಲಿ ಆ ಮುಚ್ಚಳವನ್ನು ಯಾರೂ ತೆಗೆದೇ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ, "ಒಳ್ಳೇದಾಯ್ತು. ಯಾರೂ ಮುಟ್ಟಿಲ್ಲ ಅಂದ್ರೆ ಯಾರೂ ಎಳೆದಿಲ್ಲ," ಅಂದಳು.

ಒಳಗೆ ಧೂಳು. ಧೂಳಿನ ಕೆಳಗೆ ಕ್ಯಾಸೆಟ್ಟಿನ ಕಪ್ಪು ಪಟ್ಟಿ ಒಂದು ರಬ್ಬರ್ ಗಾಲಿಗೆ ಸುತ್ತಿ ಸುತ್ತಿ ಉಂಡೆಯಾಗಿತ್ತು. ಇನ್ಶಿರಾ ಬಗ್ಗಿ ಬಹಳ ಹೊತ್ತು ನೋಡಿದಳು. ಜೀವನದಲ್ಲಿ ಮೊದಲ ಸಲ ಅಂಥದ್ದರ ಹೊಟ್ಟೆ ನೋಡುತ್ತಿದ್ದಳು. ಆದರೂ ಅವಳ ಮುಖದ ಮೇಲೆ ಗುರುತು ಸಿಕ್ಕಿದವರ ಕಳೆ ಇತ್ತು.

"ಇದು ನಮ್ಮ ಕೆಲಸಾನೇ ನಾದಿರಾ," ಅಂದಳು. "ಅಲ್ಲಿಂದ ಬಿಚ್ಕೊಳುತ್ತೆ, ಇಲ್ಲಿ ಸುತ್ಕೊಳುತ್ತೆ, ನಡುವೆ ಹದವಾಗಿ ಬಿಗಿ ಇರಬೇಕು. ಬಿಗಿ ತಪ್ಪಿದ್ರೆ ಗಾಲಿಗೆ ಸುತ್ಕೊಂಡ್ಬಿಡುತ್ತೆ. ಗಿರಣೀಲಿ ದಿನಾ ಇದೇ ಗೋಳು." ಹಾಗೆ ಸುತ್ತಿಕೊಂಡರೆ ಎಳೆಯಬಾರದು, ಎಳೆದಷ್ಟೂ ಬಿಗಿಯುತ್ತದೆ, ಗಾಲಿಯನ್ನೇ ಹಿಂದಕ್ಕೆ ತಿರುಗಿಸಬೇಕು ಅಂತ ವಿವರಿಸಿದಳು. ಅಫೀಫಾ ಹುಬ್ಬು ಕೀಳುವ ಚಿಮುಟ ಕೊಟ್ಟರು. ಬಿಶಾರಾ ಟಾರ್ಚು ಹಿಡಿದರು. ಅವಳು ಬೆರಳ ತುದಿಯಿಂದ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಚಿಮುಟದಿಂದ ಪಟ್ಟಿಯ ಒಂದು ಸುತ್ತು ಸಡಿಲಿಸುವುದು, ಮತ್ತೆ ತಿರುಗಿಸುವುದು. ಹೀಗೆ ಎರಡು ಗಂಟೆ. ಆ ದೊಡ್ಡ ಕೈಗಳು ಇಷ್ಟು ಸಣ್ಣ ಜಾಗದಲ್ಲಿ ಹೇಗೆ ಆಡುತ್ತಿವೆ ಅಂತ ನಾನು ನೋಡುತ್ತಲೇ ಇದ್ದೆ. ಪಟ್ಟಿ ಒಂದು ಕಡೆ ಹರಿದಿತ್ತು. ನಾಲ್ಕು ಬೆರಳು ಅಗಲದಷ್ಟು ಜಜ್ಜಿಹೋದದ್ದನ್ನು ಕತ್ತರಿಸಿ, ಎರಡು ತುದಿಯನ್ನೂ ಹಿಂಬದಿಯಿಂದ ತೆಳ್ಳನೆಯ ಅಂಟು ಪಟ್ಟಿಯಲ್ಲಿ ಸೇರಿಸಿದಳು. ಮುಂದೆ ಸುಮಾರು ಒಂದು ಮಾರು ಉದ್ದಕ್ಕೆ ಪಟ್ಟಿಯ ಅಂಚು ಮಾತ್ರ ಸುಕ್ಕಾಗಿತ್ತು. ಅದನ್ನು ಉಗುರಿನಿಂದ ತೀಡಿ ತೀಡಿ ಬಿಡಿಸಿದಳು.

"ಇಲ್ಲೇ ಹಾಕಿ ನೋಡೋಣ, ನಮ್ಮ ಮೆಷಿನ್ ಇದೆಯಲ್ಲ," ಅಂದರು ಬಿಶಾರಾ.

"ಬೇಡ ಚಿಕ್ಕಪ್ಪ. ಮೊದಲು ನೋಡಬೇಕಾದವಳು ಅವನ ತಾಯಿ."

ಅವರ ಮದುವೆ ಕ್ಯಾಸೆಟ್ ಮಾತ್ರ ಹಾಕಿದರು. ಮಗಳು ಕಾರಿನಿಂದ ಇಳಿದ ಕೂಡಲೇ ಬಿಶಾರಾ ಅಳಲು ಶುರು ಮಾಡಿದರು, ಪರದೆಯಲ್ಲೂ ಹೊರಗೂ. ಅಂದು ಅವರಿಗೆ ಮಾಂಸ, ಹಾಲು ಮುಟ್ಟದ ಉಪವಾಸದ ದಿನ, ಮನೆಯಲ್ಲಿ ಎಣ್ಣೆ ಹಾಕಿದ ಬೇಯಿಸಿದ ಅವರೆ ಮಾತ್ರ ಇತ್ತು. ಅದನ್ನೇ ರೊಟ್ಟಿ ಜೊತೆ ನಾಲ್ವರೂ ತಿಂದೆವು.

ಊರಿಗೆ ಬಂದು, ಇನ್ಶಿರಾ ಸ್ಪಿರಿಟ್ಟಿನಿಂದ ಪಾಶಾನ ರಬ್ಬರ್ ಗಾಲಿ ಒರೆಸಿದಳು. ಒಳಗೆ ಒಂದು ರಬ್ಬರ್ ಬಳೆ ಸಡಿಲವಾಗಿತ್ತು. ಬಿಗಿ ತಪ್ಪಲು ಅದೇ ಕಾರಣ ಅಂದಳು. ಆ ಅಳತೆಯದು ಎಲ್ಲಿ ಸಿಗಬೇಕು? ನನ್ನ ಹೊಲಿಗೆ ಮೆಷಿನ್ನಿನ ದಾರ ಸುತ್ತುವ ಚಕ್ರದ ಬಳೆಯನ್ನು ಕೇಳದೆಯೇ ಕಿತ್ತು ಹಾಕಿದಳು. ಸರಿಯಾಗಿ ಕೂತಿತು.

ಸಂಜೆ ತಫೀದಾ ಅಜ್ಜಿಯನ್ನು ಕರೆತಂದು ಕೂರಿಸಿದೆವು. ರಗಬ್ ಬಂದ, ನೀಲಿ ಅಂಗಿ. "ಅಮ್ಮಾ," ಅಂದ. ಒಂದು ಕ್ಷಣ ಜಿಗಿಯಿತು, ಮತ್ತೆ ಅವನ ಮುಖ. ತುಟಿ ಆಡುತ್ತಿತ್ತು, ಆದರೆ ಸದ್ದು ಇಲ್ಲ. ಸುಕ್ಕಾದ ಅಂಚಿನಲ್ಲಿ ದನಿ ಸತ್ತುಹೋಗಿತ್ತು. ಕೊನೆಯಲ್ಲಿ "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ" ಅನ್ನುವುದಷ್ಟೇ ಕೇಳಿಸಿತು.

ಅಜ್ಜಿ ಇನ್ಶಿರಾಳ ಕಡೆ ತಿರುಗಿದಳು. ಇನ್ಶಿರಾ ಹಿಂದಕ್ಕೆ ಸುತ್ತಿ, ಪರದೆಯ ಹತ್ತಿರ ಹೋಗಿ ಕೂತು, ಅವನ ತುಟಿ ನೋಡಿದಳು. ಮತ್ತೆ ಸುತ್ತಿ ನೋಡಿದಳು. ಅವಳ ಮುಖ ಬದಲಾಯಿತು. ಏನೋ ಕೆಟ್ಟ ಸುದ್ದಿ ಅಂತ ನನಗೆ ಗೊತ್ತಾಯಿತು. ಮುಚ್ಚಿಟ್ಟು ಏನಾದರೂ ಒಳ್ಳೆಯದು ಹೇಳುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಅವಳು ಅಜ್ಜಿಯ ಕೈ ಹಿಡಿದು, ಅವನ ಮಾತನ್ನು ಅವನ ಹಾಗೆಯೇ ಹೇಳಿದಳು. "ಅಮ್ಮಾ, ನನ್ನ ಕೈ ಪಂಪಿಗೆ ಸಿಕ್ಕಿ ಎರಡು ಬೆರಳು ಹೋಗಿವೆ. ಗಾಯ ಮಾಯ್ದಿದೆ. ಕೆಲಸಕ್ಕೆ ಇಟ್ಕೊಂಡಿದಾರೆ. ಬೇರೆ ಯಾರೋ ಬಂದು ನಿನಗೆ ಹೇಳೋದಕ್ಕಿಂತ ಮೊದಲು ನಾನೇ ಹೇಳ್ಬೇಕು ಅಂತ ಇವತ್ತು ಅಷ್ಟು ದೂರದಿಂದ ಬಂದೆ. ನೀನು ಅಳಬೇಡ."

ಅಜ್ಜಿ ಪರದೆಯನ್ನೇ ನೋಡುತ್ತ ಕೇಳಿದಳು, "ಯಾವ ಕೈ?"

ಇನ್ಶಿರಾ ಇನ್ನೊಮ್ಮೆ ಸುತ್ತಿ ಅವನ ತುಟಿ ನೋಡಿದಳು. "ಎಡಗೈ ಅಂದಿದಾನೆ, ಖಾಲಾ."

"ಹಾಗಾದ್ರೆ ಊಟಕ್ಕೆ ತೊಂದ್ರೆ ಇಲ್ಲ," ಅಂದಳು ಅಜ್ಜಿ. ಇನ್ನಷ್ಟು ಮುಂದೆ ಸರಿದು ಕೂತು, "ಮತ್ತೆ ಹಾಕು. ಮುಖ ನೋಡ್ತೀನಿ," ಅಂದಳು.

ಆಮೇಲೆ ನಾನು ಇನ್ಶಿರಾಳನ್ನು ಕೇಳಿದೆ, ಮುಚ್ಚಿಡಬಹುದಿತ್ತಲ್ಲ ಅಂತ. ಅವಳು ಹೇಳಿದ್ದು ಇಷ್ಟೇ: "ಕ್ಯಾಮೆರಾ ಮುಂದೆ ಕೂತು ಅದನ್ನ ಹೇಳೋಕೆ ಅವನಿಗೆ ಎಷ್ಟು ಧೈರ್ಯ ಬೇಕಾಯ್ತೋ. ನಾನು ಹೇಗೆ ನುಂಗ್ಲಿ?"

ಇಷ್ಟಕ್ಕೆ ಯಾರಾದರೂ ಆ ಸರ್ವಿಸ್ ಸೆಂಟರನ್ನು ಮರೆತುಬಿಡುತ್ತಿದ್ದರು. ಅವಳು ಮರೆಯಲಿಲ್ಲ. "ನಮ್ಮದು ಅದಲುಬದಲಾಗಿದೆ ಅಂದ್ರೆ ಇನ್ನೆಷ್ಟು ಜನರದ್ದು ಆಗಿರಬೇಕು," ಅಂದವಳೇ ಶನಿವಾರ ಬೆಳಿಗ್ಗೆ ರೈಲು ಹತ್ತಿದಳು. ಸಮನ್ನೂದಿನಲ್ಲೇ ಮಾತಾಡಿಕೊಂಡಿದ್ದಂತೆ ಬಿಶಾರಾ ಕೂಡ ಬಂದು ತಾಂತಾ ನಿಲ್ದಾಣದಲ್ಲಿ ಸೇರಿಕೊಂಡರು. ನಾನೂ ಹೋಗಿದ್ದೆ, ಲುತ್ಫಿಯ ಮುಖ ನೋಡುವ ಆಸೆಗೆ.

ಬೆಂಚಿನ ಮೇಲೆ ಇಪ್ಪತ್ತು ಜನ ಕಾಯುತ್ತಿದ್ದರು. ಇನ್ಶಿರಾ ನಡುವೆ ನಿಂತು, ಎರಡು ಬೀದಿಗೆ ಕೇಳುವ ಹಾಗೆ ಹೇಳಿದಳು: "ಎಲ್ಲರ ಚೀಟಿಯಲ್ಲೂ ಒಂದು ನಂಬರ್ ಇದೆ. ಅದೇ ನಂಬರ್ ಮೆಷಿನ್ ಹಿಂದೇನೂ ಇರುತ್ತೆ. ಸಹಿ ಹಾಕೋ ಮೊದಲು ಎರಡನ್ನೂ ತಾಳೆ ನೋಡಿ. ನಾನು ನೋಡ್ಲಿಲ್ಲ, ಮೋಸ ಹೋದೆ."

ಲುತ್ಫಿ ಎದ್ದು ನಿಂತು ಪೊಲೀಸರನ್ನು ಕರೆಯುತ್ತೇನೆ ಅಂದ. "ಕರೀರಿ, ಫೋನ್ ಮೇಲಿನ ಫೈಲು ನಾನು ಎತ್ತಿಕೊಡ್ತೀನಿ," ಅಂದಳು. ಜನ ನಕ್ಕರು. ಅಷ್ಟರಲ್ಲಿ ಒಬ್ಬ ಮೇಷ್ಟ್ರು ತಮ್ಮ ಕೈಗೆ ಆಗತಾನೆ ಬಂದಿದ್ದ ಮೆಷಿನ್ ತಿರುಗಿಸಿ ನೋಡಿದರು. ನಂಬರ್ ಬೇರೆ. ಆಮೇಲೆ ಲುತ್ಫಿಯ ಮಾತು ಯಾರೂ ಕೇಳಲಿಲ್ಲ. ಬಿಶಾರಾ ಕಪಾಟಿನ ಹತ್ತಿರ ಹೋಗಿ, ರೈಲು ಬರುವುದನ್ನು ಸಾರುವ ಗತ್ತಿನಲ್ಲಿ ಒಂದೊಂದೇ ನಂಬರ್ ಓದತೊಡಗಿದರು. ಬೆಂಚಿನಿಂದ ಜನ ಚೀಟಿ ಎತ್ತಿ ಹಿಡಿದು ಉತ್ತರಿಸಿದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನರಿಗೆ ಅವರವರ ಮೆಷಿನ್ ಸಿಕ್ಕಿತು. ಎಲ್ಲವೂ ಕೊಟ್ಟಾಗ ಹೇಗಿದ್ದವೋ ಹಾಗೇ ಕೆಟ್ಟಿದ್ದವು.

"ಒಂದಾದ್ರೂ ರಿಪೇರಿ ಮಾಡಿದೀರಾ ಉಸ್ತಾಜ್?" ಅಂತ ಇನ್ಶಿರಾ ಮೆಲ್ಲಗೆ ಕೇಳಿದಳು. ಅವಳ ಲೆಕ್ಕದಲ್ಲಿ ಅದು ಮೆಲ್ಲಗೆ.

ಲುತ್ಫಿ ಚಹಾ ಲೋಟ ಪಕ್ಕಕ್ಕೆ ಸರಿಸಿ ಕೂತ. ಸೆಂಟರಿಗೆ ಇದ್ದವನು ಒಬ್ಬನೇ ಮೆಕ್ಯಾನಿಕ್ಕು, ಹತ್ತು ತಿಂಗಳ ಹಿಂದೆ ರಿಯಾದಿಗೆ ಕೆಲಸಕ್ಕೆ ಹೋಗಿಬಿಟ್ಟ. ಬೇರೆಯವನನ್ನು ಕಳಿಸಿ ಅಂತ ಕೈರೋಕ್ಕೆ ಹನ್ನೊಂದು ಕಾಗದ ಬರೆದೆ ಅಂದ. ಕಾಗದದ ನಕಲುಗಳನ್ನೂ ತೋರಿಸಿದ.

"ಹಾಗಿದ್ರೂ ಜನರಿಂದ ಮೆಷಿನ್ ಯಾಕೆ ತಗೋತಿದ್ರಿ?"

"ತಗೋಬೇಡ ಅಂತ ಆದೇಶ ಬಂದಿಲ್ಲ."

ನನಗೆ ಅವನನ್ನು ಬೈಯಬೇಕೆನ್ನಿಸಿತು. ಇನ್ಶಿರಾ ಬೈಯಲಿಲ್ಲ. ಒಂದು ಹಾಳೆ ಎಳೆದುಕೊಂಡು, 'ಇಲ್ಲಿ ಮೆಕ್ಯಾನಿಕ್ ಇಲ್ಲ' ಅಂತ ಬರೆಯಲು ಶುರು ಮಾಡಿದಳು. ಆರನೇ ತರಗತಿಗೆ ಶಾಲೆ ಬಿಟ್ಟವಳು, ಅಕ್ಷರ ಕೋಳಿ ಕೆದಕಿದ ಹಾಗೆ. ಲುತ್ಫಿ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪೆನ್ನು ಕಿತ್ತುಕೊಂಡು, ತನ್ನ ಮುತ್ತಿನಂಥ ಅಕ್ಷರದಲ್ಲಿ ತಾನೇ ಬರೆದ. ತಾನೇ ಎದ್ದು ಹೋಗಿ ಬಾಗಿಲಿಗೆ ಅಂಟಿಸಿದ. ಅವನ ಕೆಲಸ ಹೋಗಲಿಲ್ಲ ಅಂತ ಆಮೇಲೆ ಕೇಳಿದೆವು. ಕೈರೋದಿಂದ ಮೆಕ್ಯಾನಿಕ್ ಬಂದನೋ ಇಲ್ಲವೋ ನನಗೆ ತಿಳಿಯದು. ನಾವು ಮತ್ತೆ ಅಲ್ಲಿಗೆ ಹೋಗಲಿಲ್ಲ. ಅಂದು ಅವಳಿಗೆ ಮೂರೂವರೆಗೆ ಪಾಳಿ ಇತ್ತು. ಎರಡು ಗಂಟೆಯ ರೈಲು ಹಿಡಿದೆವು.

ಪಾಶಾ ಅದರ ನಂತರವೂ ಸಂಭಾವಿತನಾಗಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆಯಲೇಬೇಕು. ಅಕ್ಕಪಕ್ಕದ ಓಣಿಗಳಿಂದಲೂ ಜನ ಕ್ಯಾಸೆಟ್ ನುಂಗಿದ ಮೆಷಿನ್ ಹೊತ್ತು ತರುತ್ತಿದ್ದರು. ತನಗೆ ತಿಳಿದದ್ದು ಸುತ್ತಿಕೊಂಡದ್ದನ್ನು ಬಿಚ್ಚುವುದು ಮಾತ್ರ, ಉಳಿದದ್ದು ಗೊತ್ತಿಲ್ಲ ಅಂತ ಎಲ್ಲರಿಗೂ ಮೊದಲೇ ಹೇಳುವಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ರಿಪೇರಿಯವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ತೊಂಬತ್ತರ ಆಗಸ್ಟಿನಲ್ಲಿ ಕುವೈತಿನಲ್ಲಿ ಯುದ್ಧವಾಗಿ ನಮ್ಮ ಗಂಡಸರೆಲ್ಲ ಉಟ್ಟ ಬಟ್ಟೆಯಲ್ಲಿ ಊರಿಗೆ ಬಂದರು. ಹಸನೇನ್, ನನ್ನ ಗಂಡ, ಎಂಟು ಬೆರಳಿನ ರಗಬ್, ಎಲ್ಲರೂ. ಆಮೇಲೆ ಕ್ಯಾಸೆಟ್ ಕಾಗದಗಳ ಅಗತ್ಯವೇ ಇರಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಮಾರ್ಸೆಲ್ ಆಸ್ಟ್ರೇಲಿಯಾದಿಂದ ಬಂದಳು, ಇಬ್ಬರು ಮಕ್ಕಳ ಜೊತೆ. ಹಬ್ಬಕ್ಕೆ ಹಬ್ಬಕ್ಕೆ ನಮ್ಮ ಓಣಿಗೂ ಸಮನ್ನೂದಿನ ಆ ಮನೆಗೂ ನಡುವೆ ಬಿಸ್ಕತ್ತಿನ ತಟ್ಟೆ ಓಡಾಡುತ್ತಿತ್ತಾದ್ದರಿಂದ ಹೆತ್ತವರು ಅವಳನ್ನು ನೇರ ಇನ್ಶಿರಾಳ ಮನೆಗೆ ಕರೆತಂದರು. ಕೈಯಲ್ಲಿ ಮದುವೆ ಕ್ಯಾಸೆಟ್ ಇತ್ತು. ಸಮನ್ನೂದಿನ ಮೆಷಿನ್ ಆ ವರ್ಷ ಪೂರ್ತಿ ಕೆಟ್ಟಿತ್ತು. ಮಾರ್ಸೆಲ್ ತನ್ನ ಮದುವೆಯ ಚಿತ್ರವನ್ನು ಒಮ್ಮೆಯೂ ನೋಡಿರಲಿಲ್ಲ.

ಪಾಶಾ ಅಂದು ಜಪ್ಪಯ್ಯ ಅಂದರೂ ಓಡಲಿಲ್ಲ. ಇನ್ಶಿರಾ ಮುಚ್ಚಳ ತೆಗೆದು ಒಂದು ಗಂಟೆ ಕೂತಳು. ಕೊನೆಗೆ ತಲೆಯೆತ್ತಿ, "ಇದರ ಪಟ್ಟಿ ಓದೋ ತಲೆ ಸವೆದಿದೆ ಮಗಳೇ. ಇದು ನನ್ನ ಕೈಲಿ ಆಗಲ್ಲ," ಅಂದಳು. ಮಾರ್ಸೆಲ್ ಪರವಾಗಿಲ್ಲ ಅಂದಳು, ಆದರೆ ಮುಖ ಬಾಡಿತು.

ಇನ್ಶಿರಾ ಕೈ ಒರೆಸಿಕೊಂಡು ಅವಳೆದುರು ಚಾಪೆಯ ಮೇಲೆ ಕೂತಳು. "ಕೇಳು," ಅಂದು, ಕಾರು ಬಂದು ನಿಲ್ಲುವಲ್ಲಿಂದ ಶುರು ಮಾಡಿದಳು. ಯಾರು ಯಾರ ಪಕ್ಕ ನಿಂತಿದ್ದರು, ಯಾರ ಟೋಪಿ ಬಿತ್ತು, ಯಾವ ಅತ್ತೆ ಆಕಳಿಸಿದಳು, ಮದುಮಗ ಎಷ್ಟು ಸಲ ಕರವಸ್ತ್ರ ತೆಗೆದ, ಹಿಂದಿನ ಸಾಲಿನ ಮುದುಕ ಪಾದ್ರಿಗಿಂತ ಮೊದಲೇ ಹೇಗೆ ಹಾಡು ಎತ್ತಿಕೊಂಡ. ಮಕ್ಕಳು ಕಲ್ಲಂಗಡಿ ತಿನ್ನುತ್ತ ಕೇಳಿದರು. ಮಾರ್ಸೆಲ್ ನಕ್ಕಳು, ನಡುವೆ ಕಣ್ಣೊರೆಸಿಕೊಂಡಳು. ಬಿಸಿಲು ಇಳಿಯುವವರೆಗೂ ಇನ್ಶಿರಾ ಹೇಳಿದಳು. ಬಿಶಾರಾ ಸುಮ್ಮನೆ ತಲೆದೂಗುತ್ತಿದ್ದರು. ಎರಡು ಕಡೆ ಮಾತ್ರ ಅಫೀಫಾ ತಿದ್ದಿದರು.